ತಿಳಿ ಪೀಚ್ ಕೋಣೆಯ ತನಿಖೆ

"ಈ ಮನೇಲಿ ನನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೆ ಕೂಡ ಒಳಗೆ ಬರೋಕಾಗಲ್ಲ, ತಿಳ್ಕೋ!"

ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಕತ್ತಿಯಂತೆ ಎತ್ತಿ ಹಿಡಿದು ಸಂಶಯ ಸಾಹೇಬರು ಘೋಷಿಸಿದರು. ಘೋಷಣೆ ಮುಗಿಯುವಷ್ಟರಲ್ಲಿ ಒಂದು ಸೊಳ್ಳೆ ಅವರ ಮೊಣಕೈ ಮೇಲೆ ಕೂತು, ತನ್ನ ತಿಂಡಿ ಮುಗಿಸಿ, ಹೊರಟೇ ಹೋಗಿತ್ತು. ಆ ವಿಷಯ ಬಿಡಿ!

ಸಂಶಯ ಸಾಹೇಬರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಅವರು ವಿಮಾ ಕಂಪನಿಯಲ್ಲಿ ತನಿಖಾಧಿಕಾರಿ. ಅಂಗಡಿಗೆ ಬೆಂಕಿ ಬಿತ್ತು, ಗೋದಾಮಿಗೆ ನೀರು ನುಗ್ಗಿತು, ಕಾರು ಕಂಬಕ್ಕೆ ಗುದ್ದಿತು ಎಂದು ಯಾರಾದರೂ ಪರಿಹಾರಕ್ಕೆ ಅರ್ಜಿ ಹಾಕಿದರೆ, ಅದು ನಿಜವೋ ನಾಟಕವೋ ಎಂದು ಮೂಸಿ ನೋಡುವುದು ಅವರ ಕೆಲಸ. ಮೂಸುವುದು ಎಂದರೆ ಅಕ್ಷರಶಃ ಮೂಸುವುದೇ! ಸುಟ್ಟ ಬೀರುವಿನೊಳಗೆ ಮೂಗು ತೂರಿಸಿ "ಸೀಮೆಎಣ್ಣೆ!" ಎಂದು ಕೂಗಿ, ಮೂಗಿನ ತುದಿಗೆ ಮಸಿ ಬಳಿದುಕೊಂಡೇ ಆಫೀಸಿಗೆ ಮರಳಿದ ವೀರರು ಅವರು. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು ಅವರ ಪದ್ಧತಿ. ಮೊದಲು ನಗುನಗುತ್ತಾ, ಆಮೇಲೆ ಗದರಿಸುತ್ತಾ, ಕೊನೆಗೆ ಏನೋ ಬೇರೆ ಮಾತಿನ ನಡುವೆ ಸುಮ್ಮನೆ. ಸುಳ್ಳುಗಾರ ಮೂರನೆಯ ಸಲಕ್ಕೆ ಸಿಕ್ಕಿಬಿದ್ದೇ ಬೀಳುತ್ತಾನೆ ಎಂಬುದು ಅವರ ಸಿದ್ಧಾಂತ. ಸಂಶಯ ಬಲವಾದಾಗ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗುತ್ತಾರೆ. ಜಗ್ಗಿ ಜಗ್ಗಿ ಆ ಕಿವಿ ಇನ್ನೊಂದಕ್ಕಿಂತ ಉದ್ದವಾಗಿಬಿಟ್ಟಿದೆ ಎಂದು ಅವರಿಗಾಗದವರು ಆಡಿಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪು: "ಹಾನಿ ಮಾಲೀಕರ ಕೈಯಿಂದಲೇ ಆದದ್ದು. ಪರಿಹಾರ ಇಲ್ಲ!"

ಈ ತೀರ್ಪು ಮನೆಗೂ ಅನ್ವಯ. ಹೆಂಡತಿಯ ಕೈಜಾರಿ ಗಾಜಿನ ಜಗ್ಗು ಒಡೆದಾಗ, ಹೊಸದು ತನ್ನಿ ಎಂದದ್ದಕ್ಕೆ ಇದೇ ಉತ್ತರ ಬಂದಿತ್ತು. ಪಾಪ, ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಕಣ್ಸನ್ನೆಯಲ್ಲೇ ಇಡೀ ವಾರ್ಡನ್ನು ಕುಣಿಸುವ ಹೆಂಗಸು. ಮನೆಗೆ ಬಂದರೆ ಅವಳದು ಒಂದೇ ಗೋಳು.

"ರೀ, ನಿಮ್ಮ ಗೊರಕೆಗೆ ನನ್ನ ರೆಪ್ಪೆಗೆ ರೆಪ್ಪೆ ಅಂಟಿಲ್ಲ."

"ಸಾಕ್ಷಿ?"

"ಸಾಕ್ಷಿ ಬೇರೆ ಬೇಕಾ? ಇಡೀ ಬೀದಿನೇ ಸಾಕ್ಷಿ!"

"ಇಷ್ಟು ವರ್ಷದಿಂದ ನಾನೂ ಅದೇ ಮಂಚದ ಮೇಲೆ ಮಲಗ್ತಿದೀನಿ. ಒಂದು ದಿನಾನೂ ನನ್ನ ಕಿವಿಗೆ ಬಿದ್ದಿಲ್ಲವಲ್ಲ! ಅರ್ಜಿ ತಿರಸ್ಕೃತ!"

ಅಲ್ಲಿಗೆ ಆ ಕೇಸು ಮುಚ್ಚಿಹೋಗಿತ್ತು. ಈಗ ಹೊಸ ಕೇಸಿಗೆ ಬರೋಣ. ಆ ಭಾನುವಾರ ಸಾಹೇಬರು ಸೊಳ್ಳೆಯವರೆಗೂ ಹೋಗಿ ಅಬ್ಬರಿಸಲು ಕಾರಣ, ಹೆಂಡತಿ ದೋಸೆಯಷ್ಟೂ ಬಿಸಿಯಿಲ್ಲದ ದನಿಯಲ್ಲಿ ಹೇಳಿದ ಒಂದು ಮಾತು.

"ಹಿಂದಿನ ರೂಮಿಗೆ ಪೇಂಟ್ ಮಾಡಿಸ್ತಿದೀನಿ. ತಿಳಿ ಪೀಚ್ ಬಣ್ಣ."

ಹಿಂದಿನ ರೂಮು ಎಂದರೆ ಸಾಹೇಬರ ಕೋಟೆ! ಅಲ್ಲಿ ಅವರ ಹಳೆಯ ಬೆತ್ತದ ಆರಾಮಕುರ್ಚಿ ಇದೆ. ಕೂತರೆ ಮಧ್ಯದಲ್ಲಿ ಇಳಿದು, ಮೊಣಕಾಲು ಗದ್ದಕ್ಕೆ ತಾಗುತ್ತದೆ, ಆದರೂ ಅದು ಅವರದು. ಕಿಟಕಿಯ ಮೇಲೆ ಹಳೆಯ ರೇಡಿಯೋ, ಮೂಲೆಯಲ್ಲಿ ಹಳೆ ಪೇಪರಿನ ಗುಡ್ಡ. ರಜಾದಿನ ಮಧ್ಯಾಹ್ನ ಅಲ್ಲಿ ಕಾಲು ಚಾಚಿ ಕೂತರೆ ಲೋಕದ ಯಾವ ಕಳ್ಳನೂ ಅವರಿಗೆ ನೆನಪಾಗುತ್ತಿರಲಿಲ್ಲ. ಆ ರೂಮಿನ ಗೋಡೆಗೆ ಬಣ್ಣ ಎಂದರೆ ಅವರ ಮೈಗೇ ಯಾರೋ ಬ್ರಷ್ ಹಾಕಿದಂತಾಯಿತು.

"ಯಾಕೆ?" ಎಂದರು ನಗುನಗುತ್ತಾ.

"ಹಾಗೇ."

ಹಾಗೇ! ಅಯ್ಯೋ ಶಿವನೇ! ಸಾಹೇಬರ ವೃತ್ತಿಜೀವನದಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. "ಗೋದಾಮಿಗೆ ಬೀಗ ಯಾಕೆ ಹಾಕಿರಲಿಲ್ಲ?" "ಹಾಗೇ." "ಬೆಂಕಿ ಬೀಳೋ ಹಿಂದಿನ ದಿನ ಸಾಮಾನೆಲ್ಲ ಯಾಕೆ ಸಾಗಿಸಿದ್ರಿ?" "ಹಾಗೇ." ಅವರ ಎಡಗೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು.

"ಯಾಕೆ ಅಂತ ಕೇಳ್ದೆ!" ಎಂದು ಗದರಿಸಿದರು.

"ಗೋಡೆ ಹಳೇದಾಗಿದೆ ಅಂತ."

ಸ್ವಲ್ಪ ಹೊತ್ತು ಪೇಪರ್ ತಿರುವಿ, ಹವಾಮಾನದ ಬಗ್ಗೆ ಎರಡು ಮಾತಾಡಿ, ಮೂರನೆಯ ಬಾಣ ಬಿಟ್ಟರು. "ಅಂದಹಾಗೆ, ಅದೇನೋ ಬಣ್ಣ ಅಂದ್ಯಲ್ಲ, ಯಾಕೆ?"

ಹೆಂಡತಿ ಅವರನ್ನೇ ಒಂದು ಗಳಿಗೆ ದಿಟ್ಟಿಸಿದಳು. "ತಿಳಿ ಪೀಚ್ ಅಂದ್ರೆ ನಿಮಗೆ ಏನೂ ನೆನಪಾಗಲ್ವಾ?"

"ನೆನಪಾಗೋಕೆ ಅದೇನು ನನ್ನ ಜೊತೆ ಶಾಲೆಗೆ ಬಂದಿತ್ತಾ?"

ಆಕೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಮೂರು ಸಲ ಕೇಳಿದರೆ ಮೂರು ಉತ್ತರ! ಇದು ಸಾಮಾನ್ಯ ಕೇಸಲ್ಲ ಎಂದು ಸಾಹೇಬರು ನಿಶ್ಚಯಿಸಿದರು.

ಮರುದಿನವೇ ಪೇಂಟರ್ ಬಂದ. ಬಂದವನು ಬ್ರಷ್ಷಿಗಿಂತ ಮೊದಲು ಬಾಯಿ ಬಿಚ್ಚಿದ. "ಸಾರ್, ನನ್ನ ಕೈಯಲ್ಲಿ ಬಣ್ಣ ಅನ್ನೋದು ಸಾಕಿದ ಬೆಕ್ಕಿದ್ದ ಹಾಗೆ. ಕೂರು ಅಂದ್ರೆ ಕೂರುತ್ತೆ, ಏಳು ಅಂದ್ರೆ ಏಳುತ್ತೆ!" ರೂಮಿನ ಸಾಮಾನೆಲ್ಲ ಹಾಲಿಗೆ ಬಂತು. ಪೇಪರಿನ ಗುಡ್ಡ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಆರಾಮಕುರ್ಚಿ ಮಾತ್ರ ಎರಡು ದಿನ ಕಾಣೆಯಾಗಿ, ಮೂರನೆಯ ದಿನ ಹೊಸ ಬೆತ್ತ ಹೆಣೆಸಿಕೊಂಡು, ಪಾಲಿಶ್ ಹೊಡೆಸಿಕೊಂಡು ಮದುಮಗನಂತೆ ಮರಳಿ ಬಂತು. ಸಾಹೇಬರು ಕುರ್ಚಿಯ ಸುತ್ತ ಒಂದು ಸುತ್ತು ಹಾಕಿದರು. ಇಷ್ಟು ವರ್ಷ ತಾವು ಕುಸಿದು ಕೂತಾಗ ಯಾರೂ ಕೇಳಲಿಲ್ಲ. ಈಗ ಹೊಸ ಬೆತ್ತ! ಯಾರ ಕೂರುವ ಸುಖಕ್ಕೆ?

ಅದರ ಬೆನ್ನಿಗೇ ಒಂದು ಮಂಚ ಬಂತು. ಒಬ್ಬರೇ ಮಲಗುವ ಮಂಚ!

ಸಾಹೇಬರು ಪೇಂಟರನ್ನು ಮೂಲೆಗೆ ಒತ್ತಿ ನಿಲ್ಲಿಸಿದರು. "ಏನಪ್ಪಾ, ಈ ರೂಮು ಯಾರಿಗೆ ಅಂತ ಏನಾದ್ರೂ ಹೇಳಿದ್ರಾ?"

"ಹೇಳಿದ್ರು ಸಾರ್."

"ಯಾರಿಗೆ?"

"ಹೇಳಬೇಡ ಅಂತಾನೂ ಹೇಳಿದ್ರು ಸಾರ್."

"ಯಾರಿಗೆ ಹೇಳಬೇಡ ಅಂದ್ರು?"

"ನಿಮಗೇ ಸಾರ್!" ಎಂದು ಪೇಂಟರ್ ಹಲ್ಲು ಕಿರಿದು, ಏಣಿಯ ತುತ್ತತುದಿ ಹತ್ತಿ ಕೂತುಬಿಟ್ಟ. ಸಾಹೇಬರಿಗೆ ಏಣಿ ಎಂದರೆ ತಲೆ ತಿರುಗುತ್ತದೆ ಎಂಬ ಗುಟ್ಟೂ ಅವನಿಗೆ ಯಾರೋ ಹೇಳಿದ್ದರು.

ಆ ಸಂಜೆ ಎಲ್ಲ ಬಯಲಾಯಿತು. ಹೆಂಡತಿ ಅಡುಗೆಮನೆಯಲ್ಲಿ ಫೋನು ಹಿಡಿದು ಪಿಸುಗುಟ್ಟುತ್ತಿದ್ದಳು. ಸಾಹೇಬರು ಬಾಗಿಲ ಹಿಂದೆ ನಿಂತು, ನೀರು ಕುಡಿಯುವ ನೆಪಕ್ಕೆ ಕೈಯಲ್ಲಿ ಖಾಲಿ ಲೋಟ ಹಿಡಿದು, ಉದ್ದದ ಕಿವಿಯನ್ನು ಬಾಗಿಲಿಗೆ ಒತ್ತಿದರು.

"ಹೂಂ ಅಣ್ಣಾ... ನಿನ್ ರೂಮ್ ಥರಾನೇ, ತಿಳಿ ಪೀಚೇ... ಇಲ್ಲ ಇಲ್ಲ, ಅವರಿಗಿನ್ನೂ ಹೇಳಿಲ್ಲ. ಹೇಳಿದ್ರೆ ಮನೆ ತಲೆ ಮೇಲೆ ಹೊತ್ಕೋತಾರೆ... ಭಾನುವಾರ ನೀನೇ ಬಂದುಬಿಡಪ್ಪಾ, ನೀನಿದ್ರೆ ನಂಗೆ ಧೈರ್ಯ... ಹಾಸಿಗೆ ದಿಂಬು ಮರೀಬೇಡ!"

ಲೋಟ ಸಾಹೇಬರ ಕೈಯಿಂದ ಜಾರಿತು. ಹಾನಿ ಮಾಲೀಕರ ಕೈಯಿಂದಲೇ ಆದದ್ದು ಎಂದು ಹೇಳುವಷ್ಟೂ ಪ್ರಜ್ಞೆ ಅವರಿಗಿರಲಿಲ್ಲ. ಬರುವವನು ಕಂಡಕ್ಟರ್ ಭಾವ!

ಕಂಡಕ್ಟರ್ ಭಾವ ಎಂದರೆ ಹೆಂಡತಿಯ ಅಣ್ಣ. ಬಸ್ಸಿನಿಂದ ನಿವೃತ್ತನಾದರೂ ಬಸ್ಸು ಅವನಿಂದ ನಿವೃತ್ತವಾಗಿರಲಿಲ್ಲ. ಮನೆಯಲ್ಲಿ ಯಾವ ಬಾಗಿಲು ಮುಚ್ಚಿದ ಸದ್ದಾದರೂ ಸಾಕು, ಕೂತಲ್ಲಿಂದಲೇ "ರೈಟ್! ರೈಟ್!" ಎಂದು ಕೂಗುತ್ತಾನೆ. ಬಚ್ಚಲಿನ ಮುಂದೆ ಇಬ್ಬರು ನಿಂತರೆ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಾನೆ. ಹಿಂದೊಮ್ಮೆ ನೆಂಟರ ಮದುವೆಗೆಂದು ಬಂದವನು, ಆ ಮದುವೆಯ ಕೂಸಿಗೆ ಹಲ್ಲು ಬಂದ ಮೇಲೆ ಊರಿಗೆ ಹೊರಟಿದ್ದ! ಅಷ್ಟೂ ದಿನ ಆರಾಮಕುರ್ಚಿ ಅವನದು, ಬೆಳಗಿನ ಪೇಪರ್ ಅವನದು, ರೇಡಿಯೋದ ಕಿವಿ ತಿರುಪುವ ಹಕ್ಕೂ ಅವನದು. ಸಾಹೇಬರು ತಮ್ಮ ಮನೆಯಲ್ಲೇ ಟಿಕೆಟ್ ಇಲ್ಲದ ಪ್ರಯಾಣಿಕನಂತೆ ನಿಂತುಕೊಂಡು ಕಾಲ ಕಳೆದಿದ್ದರು. ಈಗ ಅವನಿಗೆಂದೇ ರೂಮು, ಅವನಿಗೆಂದೇ ಬಣ್ಣ! ಈ ಸಲ ಬಂದರೆ ಹೋಗುವ ಮಾತೇ ಇಲ್ಲ. ಕೋಟೆ ಹೋಯಿತು, ಕುರ್ಚಿ ಹೋಯಿತು, ಬಾಕಿ ಬದುಕೂ ಹೋಯಿತು!

ಜಗಳ ಆಡಬಹುದಿತ್ತು. ಆದರೆ ಹೆಂಡತಿಯ ಎದುರು ಆಕೆಯ ತವರಿನ ವಿಷಯ ಎತ್ತುವಷ್ಟು ಧೈರ್ಯ ಯಾವ ತನಿಖಾಧಿಕಾರಿಗೂ ಇಲ್ಲ. ಆದ್ದರಿಂದ ಸಾಹೇಬರು ಸದ್ದಿಲ್ಲದ ಯುದ್ಧಕ್ಕೆ ನಿಂತರು. ಭಾವ ಬರಲಿ. ಬಂದವನು ಎರಡೇ ದಿನದಲ್ಲಿ ತಾನಾಗಿಯೇ "ಹೋಲ್ಡಾನ್!" ಎಂದು ಕೂಗಿ ಇಳಿದು ಓಡಬೇಕು, ಹಾಗೆ ಮಾಡುತ್ತೇನೆ! ಮೂವತ್ತು ವರ್ಷ ಎಂತೆಂಥ ಕಿಲಾಡಿಗಳ ಕೈಚಳಕ ಕಂಡವರು ಅವರು. ತಾವೇ ಒಂದು ಕೈಚಳಕ ತೋರಿಸಲಾರರೇ?

ಮರುದಿನ ತಲೆನೋವೆಂದು ಆಫೀಸಿನಿಂದ ಮಧ್ಯಾಹ್ನಕ್ಕೇ ಹೊರಟರು. ದಾರಿಯಲ್ಲಿ ಬಣ್ಣದಂಗಡಿಗೆ ನುಗ್ಗಿ, ಬಿಳಿ ಪೇಂಟಿಗೆ ಬಣ್ಣ ಬರಿಸಲು ಹಾಕುವ ಗಾಢ ಕೆಂಪಿನ ಸ್ಟೇನರ್ ಸೀಸೆ ಒಂದನ್ನು ಕೊಂಡರು. ಅದೂ ಹೆಂಡತಿ ಪೇಂಟ್ ತಂದ ಅಂಗಡಿಯಲ್ಲಲ್ಲ, ಎರಡು ಬೀದಿ ಆಚೆಯ ಬೇರೆ ಅಂಗಡಿಯಲ್ಲಿ! ಅಷ್ಟು ಬುದ್ಧಿ ಇದೆ ಅವರಿಗೆ. ಮನೆಯಲ್ಲಿ ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಪೇಂಟರ್ ಊಟ ಮುಗಿಸಿ, ಹೊರಗಿನ ಜಗಲಿಯ ಮೇಲೆ ಟವೆಲು ಹಾಸಿ ಉರುಳಿದ್ದ. ರೂಮಿನಲ್ಲಿ ಕೊನೆಯ ಕೋಟಿಂಗಿಗೆಂದು ಕಲಸಿಟ್ಟ ಬಕೆಟ್ ತುಂಬ ತಿಳಿ ಪೀಚ್. ಮೃದುವಾಗಿ, ಸಾಧುವಾಗಿ, ನಿದ್ದೆಗಣ್ಣಿನ ಮಗುವಿನ ಕೆನ್ನೆಯ ಹಾಗಿತ್ತು.

ಸಾಹೇಬರು ನಾಲ್ಕು ಹನಿ ಹಾಕಿ ಕೋಲಿನಿಂದ ಕಲಕಿದರು. ಏನೂ ಆಗಲಿಲ್ಲ. ಇನ್ನಷ್ಟು ಹಾಕಿದರು. ಬಕೆಟ್ ನಾಚಿಕೊಂಡಷ್ಟೇ ಆಯಿತು. ಅಂಗಡಿಯವನು ನೀರು ಬೆರೆಸಿದ ಸೀಸೆ ಕೊಟ್ಟನೇ ಎಂದು ಸಂಶಯ ಬಂತು. ಎಡಗಿವಿ ಜಗ್ಗಿಕೊಂಡು ಯೋಚಿಸಿ, ಇಡೀ ಸೀಸೆಯನ್ನೇ ಬಗ್ಗಿಸಿಬಿಟ್ಟರು. ಆಗಲೂ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಒದ್ದೆ ಬಣ್ಣ ಒಣಗಿದ ಮೇಲೆ ಗಾಢವಾಗುತ್ತದೆ ಎಂಬ ಸಣ್ಣ ಸಂಗತಿ ವಿಮೆಯ ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ!

ಸಾಕ್ಷಿನಾಶದಲ್ಲಿ ಅವರನ್ನು ಮೀರಿಸುವವರಿಲ್ಲ. ಸೀಸೆಯನ್ನು ಪೇಪರಿನಲ್ಲಿ ಸುತ್ತಿ ದೂರದ ಕಸದ ತೊಟ್ಟಿಗೆ ಹಾಕಿದರು. ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ಉಜ್ಜಿ, ಉಗುರಿನ ಸಂದಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಹುಮ್ಮಸ್ಸು ಏರಿದ್ದರಿಂದ ಕೆಲಸ ಅಲ್ಲಿಗೇ ನಿಲ್ಲಿಸಲಿಲ್ಲ. ಹಾಲಿನಲ್ಲಿದ್ದ ಮಂಚದ ಒಂದು ಬೋಲ್ಟು ಬಿಚ್ಚಿ ಬಚ್ಚಲ ಮೋರಿಗೆ ಎಸೆದರು. ಮಗ್ಗುಲು ಬದಲಿಸಿದರೆ ಮಂಚ "ಕಿರ್ರ್ರ್" ಎಂದು ಊರಿಗೆಲ್ಲ ಕೇಳುವಂತೆ ಅಳತೊಡಗಿತು. ಆಹಾ! ಅಟ್ಟದ ಮೇಲೆ ಗಂಟೆ ಹೊಡೆಯುವ ಹಳೆಯ ಗೋಡೆ ಗಡಿಯಾರವೊಂದಿತ್ತು. ಒಂದೊಂದು ಏಟಿಗೂ ಕಿಟಕಿ ಗಾಜು ನಡುಗುತ್ತದೆಂದು ವರ್ಷಗಳ ಹಿಂದೆಯೇ ಅದನ್ನು ಗಡೀಪಾರು ಮಾಡಲಾಗಿತ್ತು. ಅದನ್ನೂ ಇಳಿಸಿ ಒರೆಸಿ, ಕೀಲಿ ಕೊಟ್ಟು ಇಟ್ಟುಕೊಂಡರು. ಬಣ್ಣ ಒಣಗಿದ ಮೇಲೆ ಭಾವನ ದಿಂಬಿನ ನೇರಕ್ಕೆ ತೂಗುಹಾಕಲು!

ಸಂಜೆ ಹೆಂಡತಿ ಮನೆಗೆ ಬಂದಾಗ ಪೇಂಟರ್ ನಾಲ್ಕೂ ಗೋಡೆ ಮುಗಿಸಿ, ನಡುಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ರೂಮಿನ ಬಾಗಿಲಲ್ಲಿ ಆಕೆ ನಿಂತಲ್ಲೇ ನಿಂತಳು. ಸಾಹೇಬರೂ ಹಿಂದಿನಿಂದ ಇಣುಕಿದರು. ಇಣುಕಿದವರಿಗೆ ಹಲ್ಲೇ ನೋಯತೊಡಗಿತು! ತಿಳಿ ಪೀಚ್ ಎಲ್ಲಿ? ನಾಲ್ಕೂ ಗೋಡೆ ಊದಿದ ವಸಡಿನ ಬಣ್ಣಕ್ಕೆ ತಿರುಗಿದ್ದವು. ರೂಮಿನ ಒಳಗೆ ಕಾಲಿಡುವುದೆಂದರೆ ಹಲ್ಲುನೋವಿನವನ ಬಾಯೊಳಗೆ ಕಾಲಿಟ್ಟಂತಿತ್ತು.

"ಅಕ್ಕಾ, ನನ್ನ ಮಕ್ಕಳಾಣೆಗೂ ನಾನು ಏನೂ ಮಾಡಿಲ್ಲ!" ಎಂದ ಪೇಂಟರ್, ಧ್ವನಿ ಒಡೆದು. "ಹಚ್ಚುವಾಗ ನೆಟ್ಟಗೇ ಇತ್ತು. ಒಣಗ್ತಾ ಒಣಗ್ತಾ ಹಿಂಗಾಯ್ತು. ಈ ಬೀದೀಲಿ ಇನ್ಯಾರು ನನ್ನ ಕರೀತಾರೆ? ಮಾನ ಹೋಯ್ತು!"

ಪೇಂಟ್ ಕೊಟ್ಟ ಅಂಗಡಿಯವನೂ ಓಡಿ ಬಂದ. "ನಮ್ಮಲ್ಲಿ ಬಣ್ಣ ಬೆರೆಸೋದು ಮೆಷಿನ್ ಮೇಡಂ, ಮೆಷಿನ್! ಮೆಷಿನ್ ತಪ್ಪು ಮಾಡುತ್ತಾ? ಇವನೇ ಏನೋ ಬೆರೆಸಿದಾನೆ!" ಎಂದು ಪೇಂಟರ್ ಕಡೆ ಬೆರಳು ಚಾಚಿದ. "ಯಾರೋ ಬೆರೆಸಿದ್ದು? ನಾಲಿಗೆ ಹಿಡಿದು ಮಾತಾಡು!" ಎಂದು ಪೇಂಟರ್ ಬ್ರಷ್ ಎತ್ತಿದ. ಇಬ್ಬರೂ ಇನ್ನೇನು ಕೊರಳಪಟ್ಟಿಗೆ ಕೈಹಾಕಬೇಕು, ಅಷ್ಟರಲ್ಲಿ ಹೆಂಡತಿ ವಾರ್ಡಿನ ದನಿ ತೆಗೆದಳು.

"ಸುಮ್ನಿರಿ ಇಬ್ರೂ! ಮನೇಲೇ ತನಿಖಾಧಿಕಾರಿ ಇರುವಾಗ ನಾವ್ಯಾಕೆ ಕಿತ್ತಾಡ್ಬೇಕು? ರೀ, ನೀವೇ ತನಿಖೆ ಮಾಡಿ. ಯಾರು ಕೆಡಿಸಿದ್ದು ಅಂತ ನಾಳೆ ಬೆಳಿಗ್ಗೆ ಹೇಳಿ."

ಹೇಳುತ್ತಾ ಹೇಳುತ್ತಾ ಆಕೆ ಸಾಹೇಬರ ಎಡಭಾಗಕ್ಕೆ ಬಂದು ಒಂದು ಕ್ಷಣ ನಿಂತಳು. ಅವರ ಮುಖವನ್ನಲ್ಲ, ಮುಖದ ಪಕ್ಕವನ್ನು ನೋಡಿದಳು. ಆಮೇಲೆ ಕೈಕಾಲು ತೊಳೆಯಲು ಹೋದಳು. ಯಾಕೆ ಹಾಗೆ ನೋಡಿದಳು? ಸಾಹೇಬರು ಸಂಶಯದಿಂದ ಮತ್ತೆ ಕಿವಿ ಜಗ್ಗಿಕೊಂಡರು.

ಕಳ್ಳನನ್ನು ಹಿಡಿಯುವ ಕೆಲಸವನ್ನು ಕಳ್ಳನಿಗೇ ವಹಿಸಿದರೆ ಅವನ ಪಾಡು ಏನಾಗಬೇಡ! ಮರುದಿನ ಬೆಳಿಗ್ಗೆ ಸಾಹೇಬರು ಭೂತಗನ್ನಡಿ ಹಿಡಿದು ಗೋಡೆ ನೋಡಿದರು. ಬಕೆಟ್ ಮೂಸಿದರು. ಬ್ರಷ್ಷಿನ ಕೂದಲು ಎಳೆದು ನೋಡಿದರು. ಹಿಂದೆ ಹಿಂದೆಯೇ ಪೇಂಟರ್ ದೇವರ ಹಿಂದೆ ಭಕ್ತನಂತೆ ಬರುತ್ತಿದ್ದ.

"ಸಾರ್, ನಿಮ್ಮ ಕಣ್ಣಿಗೆ ಸತ್ಯ ಕಂಡೇ ಕಾಣುತ್ತೆ. ನಾನು ರಾತ್ರಿ ಉಂಡಿಲ್ಲ ಸಾರ್!"

ಸಾಹೇಬರು ಬಕೆಟ್ಟನ್ನು ಇನ್ನೊಮ್ಮೆ ಮೂಸಿದರು. ಭಾವನಿಗೆ ತೋಡಿದ ಗುಂಡಿಯಲ್ಲಿ ಈ ಬಡಾಯಿಗಾರ ಬಿದ್ದು ಒದ್ದಾಡುತ್ತಿದ್ದಾನಲ್ಲ! ಪೇಂಟರ್ ಎಂದರೆ ಅವನು ಹಾಳಾಗುತ್ತಾನೆ. ಅಂಗಡಿ ಎಂದರೆ ಅವರು ಮೆಷಿನ್ ಹೊತ್ತು ತಂದು ತೋರಿಸುತ್ತಾರೆ. ಕಡೆಗೆ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಇದು... ಹವಾಮಾನದ ಕೆಲಸ! ಗಾಳೀಲಿ ತೇವ ಜಾಸ್ತಿ. ತೇವಕ್ಕೆ ಬಣ್ಣ... ಊದಿಕೊಂಡಿದೆ. ಯಾರದೂ ತಪ್ಪಿಲ್ಲ!"

ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಸಂಶಯ ಸಾಹೇಬರು "ಯಾರದೂ ತಪ್ಪಿಲ್ಲ" ಎಂದಿದ್ದರು! ಆಫೀಸಿನವರು ಕೇಳಿದ್ದರೆ ಆಂಬುಲೆನ್ಸ್ ಕರೆಸುತ್ತಿದ್ದರು. ಪೇಂಟರ್ ಮಾತ್ರ ಅವರ ಕೈಹಿಡಿದು ಕಣ್ಣಿಗೊತ್ತಿಕೊಂಡ. ಹೆಂಡತಿ ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡಳು.

"ಸರಿ ಹಾಗಾದ್ರೆ. ಪೇಂಟರಿಗೆ ಹೇಳಿ ಮತ್ತೆ ತಿಳಿ ಪೀಚ್ ಹೊಡೆಸಿಬಿಡೋಣ," ಎಂದಳು.

ಸಾಹೇಬರು ಹೌಹಾರಿದರು. ಇಷ್ಟೆಲ್ಲ ಪಾಡುಪಟ್ಟದ್ದು ಯಾತಕ್ಕೆ? "ಬೇಡ ಬೇಡ! ಈ ಬಣ್ಣಕ್ಕೇನಾಗಿದೆ? ಚೆನ್ನಾಗೇ ಇದೆ!"

"ನಿಜವಾಗ್ಲೂ ಚೆನ್ನಾಗಿದೆಯಾ?" ಎಂದಳು ನಗುನಗುತ್ತಾ.

"ಬಹಳ ಚೆನ್ನಾಗಿದೆ!"

"ನಾಳೆ ಆ ಬಣ್ಣ ಬೇಡ, ಈ ಬಣ್ಣ ಬೇಡ ಅಂದ್ರೆ ನಾನು ಕೇಳಲ್ಲ!" ಎಂದು ಗದರಿಸಿದಳು.

"ನಾನ್ಯಾಕೆ ಅಂತೀನಿ? ಮನಸ್ಸಿಗೆ ಒಂಥರಾ ಉಲ್ಲಾಸ ಕೊಡೋ ಬಣ್ಣ ಇದು!"

ಆಕೆ ಅಡುಗೆಮನೆಯ ಕಡೆ ನಡೆದವಳು ಬಾಗಿಲಲ್ಲಿ ತಿರುಗಿದಳು. "ಸಂಜೆ ಬರುವಾಗ ಸೋಪು ತನ್ನಿ, ಮುಗಿದಿದೆ. ಮತ್ತೆ ಆ ರೂಮಲ್ಲಿ ಮನುಷ್ಯರು ಹಾಯಾಗಿ ಮಲಗಬಹುದು ಅಂತೀರಾ?"

"ರಾಜನ ಹಾಗೆ ಮಲಗಬಹುದು!" ಎಂದರು ಸಾಹೇಬರು. ಮೂರು ಸಲ ಕೇಳಿದ್ದಾಗಿತ್ತು. ಅದು ತಮ್ಮದೇ ಪದ್ಧತಿ ಎಂದು ಅವರಿಗೆ ಹೊಳೆಯಲೇ ಇಲ್ಲ.

ಭಾನುವಾರ ಬಂತು. ಬಾಡಿಗೆ ವ್ಯಾನಿನಿಂದ ಕಂಡಕ್ಟರ್ ಭಾವ ಇಳಿದ. ಹೆಗಲ ಮೇಲೆ ಸುತ್ತಿದ ಹಾಸಿಗೆ, ಕಂಕುಳಲ್ಲಿ ದಿಂಬು. ವ್ಯಾನಿನ ಬಾಗಿಲು ಧಡ್ ಎಂದಿತು. "ರೈಟ್! ರೈಟ್!" ಎಂದು ಭಾವ ಅದನ್ನು ಕಳಿಸಿಕೊಟ್ಟ. ಸಾಹೇಬರ ಮುಖದಲ್ಲಿ ಹಿಂದೆಂದೂ ಕಾಣದ ಅತಿಥಿಸತ್ಕಾರ ಉಕ್ಕಿ ಹರಿಯಿತು.

"ಬನ್ನಿ ಭಾವ, ಬನ್ನಿ! ಮೊದಲು ನಿಮ್ಮ ರೂಮು ನೋಡಿ. ಆಮೇಲೆ ಕಾಫಿ!"

ಕೈಹಿಡಿದು ಎಳೆದುಕೊಂಡೇ ಹೋಗಿ ಬಾಗಿಲು ತೆರೆದರು. ಸರಿಯಾಗಿ ಅದೇ ಹೊತ್ತಿಗೆ ಗಡಿಯಾರ "ಢಣ್!" ಎಂದು ಗಂಟೆ ಹೊಡೆಯಿತು. ಭಾವ ಒಂದು ಹೆಜ್ಜೆ ಹಿಂದೆ ಹಾರಿದ. ಗೋಡೆ ನೋಡಿ ಕಣ್ಣು ಕಿರಿದು ಮಾಡಿದ. ಹಾಸಿಗೆಯನ್ನು ಮಂಚದ ಮೇಲೆ ಇಳಿಸಿದ ಕೂಡಲೆ ಮಂಚ "ಕಿರ್ರ್ರ್" ಎಂದು ಗೋಳಿಟ್ಟಿತು. ಸಾಹೇಬರ ಎದೆ ಆನಂದದಿಂದ ಬಿರಿಯುತ್ತಿತ್ತು.

"ಹೇಗಿದೆ ಭಾವ, ನಿಮ್ಮ ರೂಮು?"

"ನನ್ನ ರೂಮಾ?" ಭಾವ ಕಕ್ಕಾಬಿಕ್ಕಿಯಾದ. "ನಾನು ಸಂಜೆ ಬಸ್ಸಿಗೇ ವಾಪಸ್ ಹೊರಟೆ ಭಾವನೋರೆ! ಹಾಸಿಗೆ ಕೊಟ್ಟು ಹೋಗೋಣ ಅಂತ ಬಂದೆ ಅಷ್ಟೆ. ಇದು ನಿಮ್ಮ ರೂಮಲ್ವಾ?"

"ನನ್ನ... ಏನು?"

"ನಿಮ್ಮದೇ! ನಾಚ್ಕೊಳ್ಳೋದೇನು ಬಂತು? ನಂದೂ ಇದೇ ಕಥೆ. ನನ್ನ ಗೊರಕೆ ತಾಳಲಾರದೆ ನಮ್ಮನೆಯವಳು ನನಗೆ ಬೇರೆ ರೂಮು ಮಾಡಿಕೊಟ್ಟಳು. ತಿಳಿ ಪೀಚ್ ಹೊಡೆಸಿ, ಒಳ್ಳೆ ಹಾಸಿಗೆ ಹಾಕಿ... ಅಬ್ಬಾ, ಸ್ವರ್ಗ! ಈಗ ಇಬ್ಬರಿಗೂ ನಿದ್ದೆ, ಮನೇಲೂ ಶಾಂತಿ. ತಂಗಿ ಅದನ್ನ ನೋಡಿ, ನಮ್ಮೋರಿಗೂ ಹಾಗೇ ಮಾಡಿಸ್ತೀನಿ, ಆದರೆ ಹೇಳೋಕೆ ಭಯ, ನೀನೇ ಬಂದು ಹೇಳು ಅಂದಳು." ಭಾವ ಗೋಡೆಯ ಕಡೆ ಮತ್ತೊಮ್ಮೆ ನೋಡಿ ದನಿ ತಗ್ಗಿಸಿದ. "ಆದ್ರೆ ಈ ಬಣ್ಣ ಯಾವನು ಮಾರಾಯ್ರೆ ಹೊಡೆದದ್ದು? ಇದರಲ್ಲಿ ಮಲಗಿದ್ರೆ ಕನಸಲ್ಲೂ ಹಲ್ಲು ಕೀಳ್ತಾರೆ!"

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಭಾವ ಕಾಫಿ ಹುಡುಕಿಕೊಂಡು ಹಾಲಿಗೆ ಹೋದ. ಹೆಂಡತಿ ಒಳಗೆ ಬಂದು, ಹೊಸ ಬೆತ್ತದ ಆರಾಮಕುರ್ಚಿಯ ತೋಳಿನ ಮೇಲೆ ಕೈಯಿಟ್ಟು ನಿಂತಳು.

"ಕುರ್ಚಿ ನಿಮಗೆ ಅಂತಲೇ ಹೆಣೆಸಿದ್ದು," ಎಂದಳು ಮೆಲ್ಲಗೆ. "ನಿಮಗೆ ಹರ್ನಿಯಾ ಆಪರೇಷನ್ ಆದಾಗ ನಮ್ಮ ಆಸ್ಪತ್ರೇಲಿ ಮಲಗಿದ್ರಲ್ಲ, ಆ ವಾರ್ಡಿನ ಗೋಡೆ ತಿಳಿ ಪೀಚ್. ನನ್ನ ಕೈ ಹಿಡ್ಕೊಂಡು ನೀವೇ ಅಂದ್ರಿ, ಇಂಥ ಗೋಡೆ ನೋಡ್ತಾ ಮಲಗಿದ್ರೆ ಎಂಥ ಸಂಶಯದ ಮನುಷ್ಯನಿಗೂ ನಿದ್ದೆ ಬರುತ್ತೆ ನೋಡು ಅಂತ. ನಾನು ಅದನ್ನ ಮರೆತೇ ಇಲ್ಲ, ಅಣ್ಣನ ರೂಮಲ್ಲಿ ಅದೇ ಬಣ್ಣ ಕಂಡಾಗ ಇದೇ ಸರಿ ಅನ್ನಿಸ್ತು. ನನಗೂ ವಯಸ್ಸಾಯ್ತು ರೀ. ಡ್ಯೂಟೀಲಿ ನಿಂತಲ್ಲೇ ತೂಕಡಿಸ್ತೀನಿ. ಮೊನ್ನೆ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಡೋದರಲ್ಲಿದ್ದೆ. ಆವತ್ತೇ ತೀರ್ಮಾನ ಮಾಡಿದೆ. ನಿಮ್ಮನ್ನ ಬರಿ ರೂಮಿಗೆ ದಬ್ಬೋದು ಬೇಡ, ನಿಮಗೆ ಇಷ್ಟವಾಗೋ ಹಾಗೆ ಮಾಡಿಕೊಡೋಣ ಅಂತ."

ಸಾಹೇಬರಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಕಾಲಿನಿಂದ ತಲೆಯವರೆಗೆ. ಯಾರ್ಯಾರೋ ಎಂದೋ ಕೊಟ್ಟ ಹೇಳಿಕೆಯನ್ನು ಅಕ್ಷರ ಬಿಡದೆ ನೆನಪಿಟ್ಟವರು, ಹೆಂಡತಿಯ ಕೈಹಿಡಿದು ತಾವೇ ಆಡಿದ ಮಾತನ್ನು ಮರೆತಿದ್ದರು! ಆಕೆಯ ಕಣ್ಣ ಕೆಳಗಿನ ಕಪ್ಪನ್ನು ಇಷ್ಟು ವರ್ಷ ನೋಡಿಯೂ ತನಿಖೆಗೆ ಯೋಗ್ಯವೆಂದು ಅವರಿಗೆ ಅನಿಸಿರಲಿಲ್ಲ.

"ನನಗೆ... ಗೊತ್ತಾಗಲಿಲ್ಲ ಕಣೇ," ಎಂದರು ತೊದಲುತ್ತಾ. "ತಪ್ಪಾಯ್ತು. ಈ ರೂಮಿಗೆ ಬರ್ತೀನಿ, ಖಂಡಿತ ಬರ್ತೀನಿ. ಆದ್ರೆ ಮೊದಲು ಒಂದು ಕೆಲಸ ಮಾಡೋಣ. ಪೇಂಟರಿಗೆ ಹೇಳಿ ಈ ಬಣ್ಣ... ಹವಾಮಾನದಿಂದ ಹೀಗಾಯ್ತಲ್ಲ, ಅದನ್ನ..."

"ಕೂತ್ಕೊಳ್ಳಿ," ಎಂದಳು ಹೆಂಡತಿ.

ಸಾಹೇಬರು ಮಂಚದ ಮೇಲೆ ಕೂತರು. ಕಿರ್ರ್ರ್! ಆಕೆ ಸೊಂಟದಿಂದ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಪೊಟ್ಟಣ ತೆಗೆದು, ಅವರ ಎಡಗಿವಿಯನ್ನು ಮುಂದಕ್ಕೆ ಮಡಿಚಿ, ಹಾಲೆಯ ಹಿಂಭಾಗವನ್ನು ಗಸಗಸ ತಿಕ್ಕಿದಳು. ಆಮೇಲೆ ಹತ್ತಿಯನ್ನು ಅವರ ಮೂಗಿನ ಮುಂದೆ ಹಿಡಿದಳು.

ಗಾಢ ಕೆಂಪು!

"ಗಂಡಸರು ಎಷ್ಟೇ ಸೋಪು ತಿಕ್ಕಲಿ, ಕಿವಿ ಹಿಂದೆ ಯಾವತ್ತೂ ತೊಳೆಯಲ್ಲ," ಎಂದಳು. "ಬಣ್ಣ ಕೆಟ್ಟ ದಿನ ಸಂಜೇನೇ ಕಂಡಿದ್ದೆ. ಪೇಂಟರಿಗೂ ಅವತ್ತೇ ಫೋನ್ ಮಾಡಿ ಸಮಾಧಾನ ಹೇಳಿದೆ. ಬೆಳಿಗ್ಗೆ ನಿಮ್ಮ ಹಿಂದೆ ಹಿಂದೆ ಬಂದು ಅತ್ತನಲ್ಲ, ಅದೆಲ್ಲ ನಾನು ಹೇಳಿಕೊಟ್ಟ ಪಾಠ. ಚೆನ್ನಾಗಿ ಮಾಡಿದ ಪಾಪ!"

ಸಾಹೇಬರ ಕೈ ಅಭ್ಯಾಸಬಲದಿಂದ ಕಿವಿಯ ಕಡೆ ಏರಿ, ಅರ್ಧದಲ್ಲೇ ಬೆಚ್ಚಿ ಇಳಿಯಿತು. ಕೊನೆಯ ಆಸೆಯಿಂದ, ಪರಿಹಾರ ಕೇಳಿ ತಮ್ಮ ಮೇಜಿನ ಮುಂದೆ ನಿಲ್ಲುತ್ತಿದ್ದ ಅಂಗಡಿಯವರ ಅದೇ ದೈನ್ಯದಲ್ಲಿ ಕೇಳಿದರು. "ಹಾಗಾದ್ರೆ... ಈ ಬಣ್ಣ? ಆ ಗಡಿಯಾರ? ಈ ಮಂಚ?"

ಹೆಂಡತಿ ನೆಟ್ಟಗೆ ನಿಂತು ಗಂಟಲು ಸರಿಮಾಡಿಕೊಂಡಳು. ತನ್ನ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಳು.

"ಹಾನಿ ಮಾಲೀಕರ ಕೈಯಿಂದಲೇ ಆದದ್ದು. ಪರಿಹಾರ ಇಲ್ಲ!"

ಹೇಳಿ ಹೊರಗೆ ಹೋಗಿ ಬಾಗಿಲನ್ನು ಧಡ್ ಎಂದು ಮುಚ್ಚಿದಳು.

ಹಾಲಿನಿಂದ ಕಂಡಕ್ಟರ್ ಭಾವ ಕಾಫಿ ಹೀರುತ್ತಾ ಕೂಗಿದ.

"ರೈಟ್! ರೈಟ್!"